ಫೈಲಿನ ಮೂರನೇ ಹಾಳೆ

"ನಿಲ್ಲಿಸಿ!"

ಪರೀಕ್ಷಕನ ದನಿ ಏರಿರಲಿಲ್ಲ. ಆದರೂ ಪಿಯಾನೊ ಮುಂದೆ ಕೂತಿದ್ದ ಅವಳ ಬೆರಳುಗಳು ಬಿಸಿ ತಾಗಿದ ಹಾಗೆ ಥಟ್ಟನೆ ಮೇಲೆದ್ದವು.

ವಯಲಿನ್ ಪರೀಕ್ಷೆಗೆ ಬರುವ ಮಕ್ಕಳಿಗೆ ಜೊತೆಯಲ್ಲಿ ಪಿಯಾನೊ ನುಡಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ ಕೆಲಸ. ಮಕ್ಕಳೆಲ್ಲ ಅವಳನ್ನು 'ಪಿಯಾನೊ ಅಕ್ಕ' ಅಂತಲೇ ಕರೆಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಯಾವ ಪರೀಕ್ಷಕನೂ ಅವಳನ್ನು ಹೀಗೆ ನಡುವೆ ತಡೆದಿರಲಿಲ್ಲ!

ಎದುರಿಗೆ ವಯಲಿನ್ ಹಿಡಿದು ನಿಂತಿದ್ದ ಎರಡು ಜಡೆಯ ಹುಡುಗಿಗೆ ಒಂಬತ್ತು ವರ್ಷ. ಮೂರನೇ ಸಾಲಿಗೆ ಬಂದಾಗ ಮಗುವಿಗೆ ಎಲ್ಲ ಮರೆತುಹೋಗಿ, ಕಮಾನು ಗಾಳಿಯಲ್ಲೇ ನಿಂತುಬಿಟ್ಟಿತ್ತು. ಪಿಯಾನೊ ಅಕ್ಕ ಅದೇ ಸಾಲನ್ನು ಎರಡು ಸಲ ಸುತ್ತಿಸಿ ನುಡಿಸಿದಳು. ಆಗಲೂ ಮಗು ಅಲುಗಾಡಲಿಲ್ಲ. ಕೊನೆಗೆ ಮಗು ನುಡಿಸಬೇಕಾದ ಭಾಗವನ್ನೇ ಬಲಗೈಯಲ್ಲಿ ನುಡಿಸಿ ತೋರಿಸತೊಡಗಿದ್ದಳು.

"ನೀವು ಕೈ ಮಡಿಲಲ್ಲಿ ಇಟ್ಕೊಳ್ಳಿ," ಎಂದ ಪರೀಕ್ಷಕ. ಆಮೇಲೆ ಮಗುವಿನ ಕಡೆ ತಿರುಗಿದ. "ಪುಟ್ಟಾ, ನೆನಪಿರೋ ಕಡೆಯಿಂದ ಶುರು ಮಾಡು. ಅವಸರ ಇಲ್ಲ. ಪಿಯಾನೊ ಬೇಡ."

ಪಿಯಾನೊ ಬೇಡ?!

ಮಗು ಬಿಕ್ಕುತ್ತಾ, ತಡವರಿಸುತ್ತಾ ಒಬ್ಬಳೇ ಕೊನೆಯವರೆಗೂ ನುಡಿಸಿತು. ಅವಳು ಸುಮ್ಮನೆ ತನ್ನ ಬೆರಳುಗಳನ್ನು ನೋಡುತ್ತಾ ಕೂತಿದ್ದಳು.

ಹೊರಗೆ ಬಂದ ಕೂಡಲೇ ಮಗುವಿನ ತಾಯಿ ಓಡಿಬಂದು ಅವಳನ್ನು ತಬ್ಬಿಕೊಂಡಳು. "ನೀವು ಇಲ್ದಿದ್ರೆ ನನ್ನ ಮಗಳು ಅಲ್ಲೇ ಕುಸಿದು ಬೀಳ್ತಿದ್ಲು. ನಿಮ್ಮ ಉಪಕಾರ ಮರೆಯಲ್ಲ ಮೇಡಂ!"

ಊಟದ ಬಿಡುವಿನಲ್ಲಿ ಅವಳು ಪರೀಕ್ಷಕನನ್ನು ಕಾರಿಡಾರಿನಲ್ಲೇ ತಡೆದಳು.

"ಸಾರ್, ಒಂಬತ್ತು ವರ್ಷದ ಮಗು ಅದು. ನಿಮಗೆ ಕರುಳು ಅನ್ನೋದು ಇದೆಯಾ?"

ಅವನು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವನು ಹಾಗೇ ನಿಂತ. ಮೂವತ್ತೈದರ ಆಸುಪಾಸಿನ ಮನುಷ್ಯ. ಕೂದಲು ಬಾಚಿ ಎರಡು ದಿನವಾದ ಹಾಗಿತ್ತು.

"ನಿಮ್ಮ ಕೈ ತುಂಬಾ ಚೆನ್ನಾಗಿದೆ," ಎಂದ ನಿಧಾನವಾಗಿ. "ಆದರೆ ಪರೀಕ್ಷೆ ಆ ಮಗುವಿನದು. ನಿಮ್ಮದಲ್ಲ."

ಅವಳ ಸಿಟ್ಟು ನೆತ್ತಿಗೇರಿತು. ಎಂಥ ಕಲ್ಲು ಮನುಷ್ಯ!

*

ಹತ್ತು ದಿನ ಕಳೆದಿರಬೇಕು. ಒಂದು ಭಾನುವಾರ ಬೆಳಗ್ಗೆ ಬಾಗಿಲು ತೆರೆದ ಅಪ್ಪ ಒಳಗೆ ಬಂದು ಪಿಸುಗುಟ್ಟಿದರು. ಕಿವಿ ಮಂದವಾದ್ದರಿಂದ ಅವರ ಪಿಸುಮಾತು ಬೀದಿಗೇ ಕೇಳುತ್ತಿತ್ತು.

"ಯಾರೋ ಬಂದಿದ್ದಾರಮ್ಮ. ಮುಖ ನೋಡಿದ್ರೆ ಕರೆಂಟ್ ಕಟ್ ಮಾಡೋಕೆ ಬಂದವರ ಹಾಗಿದ್ದಾರೆ. ಆದರೆ ಜೊತೇಲಿ ಒಂದು ಮಗು ಇದೆ."

ಹೊರಗೆ ಬಂದವಳು ಬೆಚ್ಚಿಬಿದ್ದಳು. ಅದೇ ಪರೀಕ್ಷಕ! ಅವನ ಬೆನ್ನ ಹಿಂದೆ ವಯಲಿನ್ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ ಒಂದು ಪುಟ್ಟ ಹುಡುಗಿ.

"ಇವಳು ನಮ್ಮಣ್ಣನ ಮಗಳು," ಎಂದ ಅವನು. "ಮನೇಲಿ ಇರುವೆ ಅಂತ ಕರೀತೀವಿ. ಸಕ್ಕರೆ ಡಬ್ಬಿ ಎಲ್ಲಿಟ್ರೂ ಹುಡುಕಿಬಿಡ್ತಾಳೆ."

ಹುಡುಗಿ ನಗಲಿಲ್ಲ.

ಪಿಯಾನೊ ಅಕ್ಕ ಮಗುವನ್ನು ಒಳಗೆ ತನ್ನ ಅಪ್ಪನ ಹತ್ತಿರ ಬಿಟ್ಟು ಬಂದ ಮೇಲೆ ಅವನು ಉಳಿದದ್ದನ್ನು ಹೇಳಿದ. ಅಣ್ಣ ಹಡಗಿನಲ್ಲಿ ಇಂಜಿನಿಯರ್, ಆರು ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಅತ್ತಿಗೆ ತೀರಿಹೋಗಿ ಎಂಟು ತಿಂಗಳಾಗಿದೆ. ಮಗಳು ವಯಲಿನ್ ನುಡಿಸುವಾಗಲೆಲ್ಲ ಪಿಯಾನೊ ಮುಂದೆ ಕೂರುತ್ತಿದ್ದವಳು ಆ ತಾಯಿಯೇ.

"ಈಗ ಒಬ್ಬಳೇ ಆದ್ರೆ ನುಡಿಸ್ತಾಳೆ. ಪಿಯಾನೊ ಶುರುವಾದ ತಕ್ಷಣ ನಿಲ್ಲಿಸಿಬಿಡ್ತಾಳೆ. ಮೂವರ ಹತ್ತಿರ ಕರ್ಕೊಂಡು ಹೋದೆ, ಆಗಲಿಲ್ಲ. ಪರೀಕ್ಷೆಗೆ ಕೂರ್ತೀನಿ ಅಂತ ಹಟ ಹಿಡಿದಿರೋದು ಅವಳೇ."

"ನನ್ನ ಹತ್ತಿರ ಯಾಕೆ ಬಂದ್ರಿ?" ಅವಳ ದನಿಯಲ್ಲಿ ಇನ್ನೂ ಖಾರವಿತ್ತು.

"ಅವತ್ತು ಆ ಮಗು ನಿಂತುಬಿಟ್ಟಾಗ ನೀವು ಅದರ ಮುಖ ನೋಡ್ತಾ ಇದ್ರಿ. ನಾನು ಕಾಗದ ನೋಡ್ತಾ ಇದ್ದೆ." ಅವನು ತಲೆ ತಗ್ಗಿಸಿದ. "ಅದಕ್ಕೇ ಬಂದೆ."

ಈ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ಎದ್ದು ಹೋಗಿ ಪಿಯಾನೊ ಮುಚ್ಚಳ ತೆರೆದಳು.

*

ಇರುವೆ ಮೊದಲ ವಾರ ಅಡುಗೆಮನೆಯಲ್ಲಿ ನಿಂತು, ಬಾಗಿಲು ಹಾಕಿಕೊಂಡು ನುಡಿಸಿದಳು. ಎರಡನೇ ವಾರ ಬಾಗಿಲು ಅರ್ಧ ತೆರೆಯಿತು. ಮೂರನೇ ವಾರ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಪಿಯಾನೊ ಅಕ್ಕ ಎಡಗೈ ಮಾತ್ರ ಆಡಿಸುತ್ತಿದ್ದಳು, ಅದೂ ಕೇಳಿಸಿದರೂ ಕೇಳಿಸದ ಹಾಗೆ.

ಚಿಕ್ಕಪ್ಪನಾದವನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಅಪ್ಪನ ಜೊತೆ ಚದುರಂಗ ಆಡಿ ಪ್ರತಿ ಸಲವೂ ಸೋಲುತ್ತಿದ್ದ. ಹೋಗುವಾಗ ಎಲ್ಲರ ಕಾಫಿ ಲೋಟ ತೊಳೆದಿಟ್ಟು ಹೋಗುತ್ತಿದ್ದ. ಒಂದು ದಿನ ಕಿರುಗುಟ್ಟುತ್ತಿದ್ದ ಪಿಯಾನೊ ಪೆಡಲಿನ ಕೆಳಗೆ ನುಸುಳಿ, ಮೇಣ ಸವರಿ ಸರಿಮಾಡಿ, ಮೂಗಿಗೆಲ್ಲ ಧೂಳು ಮೆತ್ತಿಕೊಂಡು ಎದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

'ಈ ಕಲ್ಲು ಮನುಷ್ಯನನ್ನ ನೋಡಿ ನಾನ್ಯಾಕೆ ಹೀಗೆ ನಗ್ತಿದ್ದೀನಿ...' ಅಂದುಕೊಂಡಳು. ಕೆನ್ನೆ ಬಿಸಿಯಾಯಿತು.

ನಾಲ್ಕನೇ ವಾರ ಅವಳು ಪಿಯಾನೊದಲ್ಲಿ ಒಂದು ಸ್ವರ ತಪ್ಪಿದಳು. ಬೇಕೆಂದೇ ತಪ್ಪಿದ್ದಲ್ಲ. ಇರುವೆಯ ಕಮಾನು ಫಕ್ಕನೆ ನಿಂತಿತು.

"ಅಮ್ಮ ತಪ್ಪಿದ್ರೆ ನಗ್ತಿದ್ಲು," ಎಂದಿತು ಮಗು. "ನೀವು ಯಾಕೆ ನಗಲ್ಲ?"

ಅವಳು ಕಣ್ಣು ತುಂಬಿಬಂದರೂ ಸಣ್ಣಗೆ ನಕ್ಕಳು. ಇರುವೆಯೂ ನಕ್ಕಳು. ಅವತ್ತು ಮಗು ಪಿಯಾನೊ ಪಕ್ಕಕ್ಕೆ ಬಂದು ನಿಂತು ಪೂರ್ತಿ ನುಡಿಸಿತು.

ಮೆಟ್ಟಿಲ ಮೇಲಿದ್ದವನು ಎದ್ದು ಬಾಗಿಲಲ್ಲಿ ನಿಂತಿದ್ದ. ಅಳು ಬಂದದ್ದನ್ನು ಮುಚ್ಚಿಕೊಳ್ಳಲು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದ.

ಆ ಬೆನ್ನು ನೋಡುತ್ತಿದ್ದ ಹಾಗೆ ಅವಳಿಗೆ ಗೊತ್ತಾಗಿಹೋಯಿತು. ತಾನು ಇವನನ್ನು ಪ್ರೀತಿಸುತ್ತಿದ್ದೇನೆ!

*

ಇರುವೆಯ ಪರೀಕ್ಷೆಗೆ ಐದು ದಿನವಿತ್ತು. ಅಂಚೆಯಲ್ಲಿ ಪರೀಕ್ಷಾ ಮಂಡಳಿಯ ಪತ್ರ ಬಂತು.

'ಅಭ್ಯರ್ಥಿಯ ಭಾಗವನ್ನು ನೀವೇ ನುಡಿಸಿದ ಬಗ್ಗೆ ದೂರು ಬಂದಿರುತ್ತದೆ. ಪರೀಕ್ಷಕರ ವರದಿಯೂ ಅದನ್ನು ದೃಢಪಡಿಸುತ್ತದೆ. ವಿಚಾರಣೆ ಮುಗಿಯುವವರೆಗೆ ನೀವು ಯಾವುದೇ ಪರೀಕ್ಷಾ ಕೊಠಡಿಯನ್ನು ಪ್ರವೇಶಿಸುವಂತಿಲ್ಲ.'

ಪರೀಕ್ಷಕರ ವರದಿ... ಪತ್ರದ ಕೆಳಗೆ ನಮೂದಿಸಿದ್ದ ಅದರ ತಾರೀಕು ಆ ಪರೀಕ್ಷೆಯ ದಿನದ್ದೇ!

ಅಂದರೆ ಇಷ್ಟು ವಾರ ಈ ಮನೆಗೆ ಬಂದಾಗೆಲ್ಲ ಅವನಿಗೆ ಇದು ಗೊತ್ತಿತ್ತು. ಇದೇ ಮೆಟ್ಟಿಲ ಮೇಲೆ ಕೂತಿದ್ದ, ಇದೇ ಮನೆಯ ಕಾಫಿ ಕುಡಿದಿದ್ದ!

ಸಂಜೆ ಅವನು ಬಂದಾಗ ಪತ್ರವನ್ನು ಅವನ ಮುಖದ ಮುಂದೆ ಹಿಡಿದಳು.

"ಇದು ನೀವು ಬರೆದಿದ್ದಾ?"

ಅವನ ಮುಖ ಬಿಳಚಿಕೊಂಡಿತು. "ವರದಿ ನಾನೇ ಬರೆದಿದ್ದು. ಕೊಠಡೀಲಿ ಏನಾಯ್ತೋ ಅದನ್ನ ಬರೀಲೇಬೇಕಿತ್ತು. ಆದರೆ ಉಳಿದದ್ದು..." ಅವನು ತಡೆದ. "ಉಳಿದದ್ದನ್ನ ನಾನು ಈಗ ಹೇಳೋ ಹಾಗಿಲ್ಲ. ವಿಚಾರಣೆ ಮುಗಿಯೋವರೆಗೆ ಮಾತಾಡಬಾರದು ಅನ್ನೋ ನಿಯಮ ಇದೆ."

"ನಿಯಮ! ನನ್ನ ಹನ್ನೊಂದು ವರ್ಷದ ಹೆಸರಿಗೆ ಮಸಿ ಬಳಿದು ನಿಯಮ ಅಂತೀರಾ? ನಿಮ್ಮ ಕೆಲಸ ಆಗೋವರೆಗೆ ನಗ್ತಾ ಇದ್ರಿ, ಅಲ್ವಾ? ನಿಮ್ಮ ಮಗು ನುಡಿಸಿದ ಮೇಲೆ ನಾನು ಯಾರೋ!"

"ಹಾಗಲ್ಲ..."

"ಇನ್ನು ಈ ಮೆಟ್ಟಿಲು ಹತ್ತಬೇಡಿ."

ಅವನು ಇಳಿದುಹೋದ. ಗೇಟಿನ ಹತ್ತಿರ ನಿಂತಿದ್ದ ಇರುವೆ ಒಮ್ಮೆ ಹಿಂತಿರುಗಿ ನೋಡಿದಳು.

*

ವಿಚಾರಣೆ ನಡೆದದ್ದು ಇರುವೆಯ ಪರೀಕ್ಷೆಯ ದಿನವೇ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಉದ್ದ ಮೇಜಿನ ಆಚೆ ಮಂಡಳಿಯ ಅಧ್ಯಕ್ಷೆ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಪಕ್ಕದಲ್ಲಿ ಗುಮಾಸ್ತ. ಟೀ ತಂದಿದ್ದ ಹೆಂಗಸು ಲೋಟ ಜೋಡಿಸುತ್ತಿದ್ದಳು.

"ಮೊದಲ ಹಾಳೆ, ದೂರು," ಎಂದು ಅಧ್ಯಕ್ಷೆ ಫೈಲು ತೆರೆದರು. "ಕೊಟ್ಟವರು ಆ ಅಭ್ಯರ್ಥಿಯ ತಾಯಿ."

"ಯಾರು?!"

ಅವಳಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ತಬ್ಬಿಕೊಂಡು ಅತ್ತಿದ್ದ ಆ ತಾಯಿಯಾ?

ಗೋಡೆಯ ಪಕ್ಕದ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದವಳನ್ನು ಅವಳು ಆಗ ನೋಡಿದಳು.

"ಎರಡೇ ಅಂಕದಲ್ಲಿ ಮಗಳು ಫೇಲಾದ್ಲು ಮೇಡಂ," ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೇರೆಯವರಿಂದ ತಪ್ಪಾಗಿದ್ರೆ ಮಾತ್ರ ಮರುಪರೀಕ್ಷೆ ಅಂದ್ರು. ಮೂರು ದಿನ ಊಟ ಬಿಟ್ಟು ಮಲಗಿದ್ಲು. ನನಗೆ ಬೇರೆ ದಾರಿ ಕಾಣಲಿಲ್ಲ..."

"ನನ್ನನ್ನೇ ಕೇಳಿದ್ರೆ ನಾನೇ ಬರ್ಕೊಡ್ತಿದ್ದೆ," ಎಂದಳು ಅವಳು. "ತಪ್ಪು ನನ್ನದೇ. ಅವಳ ಭಾಗ ನಾನು ನುಡಿಸಬಾರದಿತ್ತು."

ಅಧ್ಯಕ್ಷೆ ಅವಳನ್ನು ಒಂದು ಕ್ಷಣ ದಿಟ್ಟಿಸಿ, ಹಾಳೆ ತಿರುವಿದರು.

"ಎರಡನೇದು, ಪರೀಕ್ಷಕರ ವರದಿ. 'ಪಿಯಾನೊ ಜೊತೆಗಾರರು ಅಭ್ಯರ್ಥಿಯ ಭಾಗವನ್ನು ನುಡಿಸಿದ್ದು ನಿಜ. ಆದರೆ ಮಗು ಗಾಬರಿಯಾದಾಗ ಸಮಾಧಾನ ಹೇಳಬೇಕಿದ್ದವನು ನಾನು. ನಾನು ಗಮನಿಸಲಿಲ್ಲ. ಅವರು ಗಮನಿಸಿದರು. ಅವರ ಮೇಲೆ ಕ್ರಮ ಬೇಡ. ಮಗುವಿಗೆ ಇನ್ನೊಂದು ಅವಕಾಶ ಕೊಡಬೇಕು.'"

ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ದಿನವೇ... ಅವಳು ಕಾರಿಡಾರಿನಲ್ಲಿ ಬೈದ ಆ ದಿನವೇ ಅವನು ಬರೆದದ್ದು ಇದು!

"ಮೂರನೇ ಹಾಳೆ..." ಅಧ್ಯಕ್ಷೆ ಗಂಟಲು ಸರಿಪಡಿಸಿಕೊಂಡರು. "ದೂರು ಬಂದ ಮೇಲೆ ನಾವು ಮತ್ತೊಮ್ಮೆ ಹೇಳಿಕೆ ಕೇಳಿದ್ವಿ. ಇದು ಗೌಪ್ಯ ಅಂತಿದೆ. ಆದರೆ ವಿಚಾರಣೆಗೆ ಕರೆದವರ ಮುಂದೆ ಫೈಲು ಪೂರ್ತಿ ಓದಲೇಬೇಕು. 'ನನ್ನ ಮಾತನ್ನು ಪರಿಗಣಿಸುವ ಮುನ್ನ ಮಂಡಳಿಗೆ ಒಂದು ವಿಷಯ ತಿಳಿದಿರಬೇಕು. ಮೇಲೆ ಹೇಳಿದ ಜೊತೆಗಾರರನ್ನು ನಾನು ಪ್ರೀತಿಸುತ್ತೇನೆ. ಇದು ಅವರಿಗೆ ಇನ್ನೂ ತಿಳಿದಿಲ್ಲ. ತಿಳಿಸುವ ಧೈರ್ಯವೂ ನನಗಿಲ್ಲ. ಆದ್ದರಿಂದ ಇವರಿಗೆ ಸಂಬಂಧಿಸಿದ ಯಾವ ತೀರ್ಮಾನದಲ್ಲೂ ನಾನು ಇರಕೂಡದು. ಪರೀಕ್ಷಕನ ಸ್ಥಾನದಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ.'"

ಟೀ ಹೆಂಗಸಿನ ಕೈಯಿಂದ ಚಮಚ ಠಣ್ ಎಂದು ಬಿತ್ತು.

ಅವಳು ಫೈಲಿನ ಕಡೆ ಬಗ್ಗಿದಳು.

"ತಾ... ತಾರೀಕು?" ಎಂದಳು, ಹೇಗೋ.

"ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು."

ಅವಳು ಜಗಳವಾಡಿದ್ದು ಐದು ದಿನದ ಹಿಂದೆ. ಅಂದರೆ ಆ ಹೊತ್ತಿಗೆ ಅವನು ಎಲ್ಲವನ್ನೂ ಬರೆದುಕೊಟ್ಟಾಗಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳದೆ ಬೈಸಿಕೊಂಡು ಹೋಗಿದ್ದ!

"ನಿಮಗೆ ಎಚ್ಚರಿಕೆ, ಆ ಮಗುವಿಗೆ ಮರುಪರೀಕ್ಷೆ. ಇಷ್ಟೇ ನಮ್ಮ ತೀರ್ಮಾನ," ಅಧ್ಯಕ್ಷೆ ಫೈಲು ಮುಚ್ಚಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಕೆಳಗಡೆ ಹನ್ನೊಂದೂಕಾಲಿಗೆ ಒಂದು ಮಗುವಿನ ಹೆಸರಿನ ಮುಂದೆ ಜೊತೆಗಾರರು ಇಲ್ಲ ಅಂತ ಬರೆದಿದೆ. ಈಗ ಹನ್ನೊಂದು ಗಂಟೆ ಹತ್ತು ನಿಮಿಷ," ಎಂದರು.

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು.

*

ಕಾರಿಡಾರಿನ ಬೆಂಚಿನ ಮೇಲೆ ಇರುವೆ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವನು. ಅವಳನ್ನು ಕಂಡು ಥಟ್ಟನೆ ಎದ್ದುನಿಂತ.

"ನೀವು... ನಿಮ್ಮನ್ನ ಒಳಗೆ ಬಿಡ್ತಾರಾ?"

"ಬಿಡ್ತಾರೆ." ಅವಳು ಏದುಸಿರು ಬಿಡುತ್ತಾ ಮಗುವಿನ ಮುಂದೆ ಮಂಡಿಯೂರಿದಳು. "ಇರುವೆ, ನಾನು ಬರ್ಲಾ ಒಳಗೆ?"

"ಚಿಕ್ಕಪ್ಪನ ಮೇಲಿನ ಸಿಟ್ಟು ನನ್ನ ಮೇಲೂ ಇತ್ತಾ ಅಕ್ಕ?"

"ಇಲ್ಲ ಕಂದಾ. ಯಾವತ್ತೂ ಇರಲಿಲ್ಲ."

ಮಗು ಯೋಚಿಸಿತು. ಆಮೇಲೆ ಅವಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆಯಿತು.

ಹನ್ನೆರಡು ನಿಮಿಷದ ಮೇಲೆ ಇಬ್ಬರೂ ಹೊರಬಂದರು. ಇರುವೆಯ ಮುಖ ಕೆಂಪಗಾಗಿ ಹೊಳೆಯುತ್ತಿತ್ತು. "ಪೂರ್ತಿ ನುಡಿಸ್ದೆ!" ಎಂದು ಕೂಗಿ, ನೀರು ಕುಡಿಯಲು ಓಡಿತು.

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಬಿಟ್ಟಾಗ ಅವಳು ಎದುರಿಗೇ ನಿಂತಿದ್ದಳು.

"ಅವತ್ತು ಬಾಯಿಗೆ ಬಂದ ಹಾಗೆ ಬೈದೆ. ತಪ್ಪಾಯ್ತು."

"ಪರವಾಗಿಲ್ಲ. ವರದಿ ನಾನೇ ಬರೆದಿದ್ದಲ್ವಾ."

"ಮೂರನೇ ಹಾಳೆಯನ್ನೂ ಓದಿದ್ರು."

ಅವನು ಹೌಹಾರಿದ. "ಏನು?! ಅದು ಗೌಪ್ಯ ಅಂತ ಬರೆದಿದ್ದೆ! ಕೆಳಗೆ ಗೆರೆ ಕೂಡ ಎಳೆದಿದ್ದೆ!"

"ಜೋರಾಗಿ ಓದಿದ್ರು. ಟೀ ತಂದವರೂ ಕೇಳಿಸ್ಕೊಂಡ್ರು."

ಅವನ ಕಿವಿಯ ತುದಿವರೆಗೂ ಕೆಂಪೇರಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಮೆಲ್ಲಗೆ ಒಂದು ಕೈಯನ್ನು ಬಿಡಿಸಿದಳು.

"ತಿಳಿಸೋ ಧೈರ್ಯ ಇಲ್ಲ ಅಂತ ಬರೆದಿದ್ದೀರಿ... ಈಗ ಇದೆಯಾ?"

"ಇಲ್ಲ," ಎಂದ ಅವನು. ಒಮ್ಮೆ ಉಸಿರೆಳೆದುಕೊಂಡ. "ಆದ್ರೂ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ನಗುವಾಗ ಇಷ್ಟ, ಬೈಯುವಾಗಲೂ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ಪ್ರೀತಿಯ ಮಾತಿಗೆ ಸಿದ್ಧಳಾಗಿದ್ದವಳು ಮದುವೆ ಎಂಬ ಮಾತಿಗೆ ದಂಗಾಗಿಹೋದಳು!

"ಅಯ್ಯೋ... ಇಷ್ಟು ಬೇಗನಾ?"

"ನಿಧಾನ ಮಾಡಿದ್ರೆ ನಾನು ಮತ್ತೆ ಯಾವುದಾದ್ರೂ ಮಂಡಳಿಗೆ ಬರೆದುಕೊಟ್ಟುಬಿಡ್ತೀನಿ."

ಅವಳು ನಕ್ಕಳು. ಕಣ್ಣೀರು ತಾನಾಗಿ ಕೆನ್ನೆಗಿಳಿಯಿತು.

"ಹೂಂ."

"ಹೂಂ... ಅಂದ್ರೆ?"

"ಹೂಂ ಅಂದ್ರೆ ಹೂಂ ರೀ. ಸಹಿ ಹಾಕಿ ಕೊಡ್ಬೇಕಾ?"

"ಬೇಡ," ಎಂದ ಅವನು, ಅವಳ ಕೈಯನ್ನು ಇನ್ನೂ ಬಿಡದೆ. "ಇನ್ನೊಂದು ಸಲ ಹೇಳಿ, ಸಾಕು."