ಮಿಸ್ತ್ರಿ ಕೊಟ್ಟ ಸಲಹೆ

“ಮಿಸ್ತ್ರಿ, ನಿಜ ಹೇಳಿ. ಹಳೇದನ್ನೇ ರಿಪೇರಿ ಮಾಡಿಸ್ಲೋ, ಡಿಜಿಟಲ್‌ಗೆ ಹೋಗ್ಲೋ?”

ಕನ್ನಡಕದ ಅಂಗಡಿಯವನು ಇಷ್ಟು ಕೇಳಿದ್ದೇ ತಡ, ಆಟದ ರೈಲಿನ ಮೇಜಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದವಳ ಎದೆ ಧಸಕ್ಕೆಂದಿತು. ಬೀದಿಗೆಲ್ಲ ವೈರಿಂಗ್ ಮಾಡುವ ಹುಡುಗಿ ಅವಳು. ಎಲ್ಲರ ಬಾಯಲ್ಲೂ ಬರೀ ಮಿಸ್ತ್ರಿ. ಶಾಕ್ ಹೊಡೆಸಿಕೊಂಡು ಅಭ್ಯಾಸವಿತ್ತು. ಇದು ಬೇರೆ ಥರದ್ದು.

ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಗ್ರಹಚಾರ.

ಅವನ ಸೋದರಮಾವ ಮಹಡಿಯ ಕೋಣೆಯ ತುಂಬ ಕಟ್ಟಿಟ್ಟುಹೋದ ರೈಲು ಅದು. ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ತುಂಡಿಗೊಂದು ಸ್ವಿಚ್ ಇಟ್ಟಿದ್ದರು. ಸ್ಟೇಷನ್ ಕಡೆಯ ಸ್ವಿಚ್ಚುಗಳು ಬಾಗಿಲ ಹತ್ತಿರ, ಸುರಂಗದ ಕಡೆಯವು ಕಿಟಕಿಯ ಹತ್ತಿರ. ಆ ಕಡೆಯವರು ಕರೆಂಟು ಕೊಟ್ಟರೆ ಈ ಕಡೆಯ ಗಾಡಿ ಮುಂದಕ್ಕೆ. ಮರೆತರೆ ನಡುವೆಯೇ ಠಿಕಾಣಿ. ಒಬ್ಬರ ಕೈಲಾಗುವ ಕೆಲಸವೇ ಅಲ್ಲ. ಹಾಗಾಗಿ ಯಾವಾಗಲೋ ಒಂದು ಸ್ವಿಚ್ ಸರಿಮಾಡಲು ಬಂದವಳು, ಭಾನುವಾರ ಮಧ್ಯಾಹ್ನ ಬಂತೆಂದರೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಹಾಜರಾಗುತ್ತಿದ್ದಳು.

“ಕೊಟ್ರಾ?” ಎನ್ನುತ್ತಿದ್ದ ಅವನು, ಬಾಗಿಲ ಕಡೆಯಿಂದ.

“ಕೊಟ್ಟೆ.”

ಮಾತೆಂದರೆ ಇಷ್ಟೇ. ಆದರೆ ಒಮ್ಮೊಮ್ಮೆ ಅವಳು ಬೇಕೆಂದೇ ತಡಮಾಡುತ್ತಿದ್ದಳು. ಗಾಡಿ ನಿಲ್ಲುತ್ತಿತ್ತು. ಅವನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ಇಣುಕಿ ನೋಡುತ್ತಿದ್ದ. ಅವಳು ಏನೂ ಅರಿಯದವಳಂತೆ ಕಿಟಕಿಯಾಚೆ ಮುಖ ತಿರುಗಿಸುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವಳು ವಾರವಿಡೀ ಕಂಡವರ ಮನೆಗೆ ಫ್ಯೂಸು ಹಾಕುತ್ತಿದ್ದಳೆಂದರೆ ನಗಬೇಡಿ.

ಡಿಜಿಟಲ್ ಆದರೆ? ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೊಂದು ಚಿಪ್, ಹಳಿಗೆಲ್ಲ ಸದಾ ಕರೆಂಟು, ಕೈಯಲ್ಲೊಂದು ರಿಮೋಟು. ಒಬ್ಬನೇ ಕೂತು ಎಲ್ಲ ಗಾಡಿಗಳನ್ನೂ ಬೇಕಾದ ಹಾಗೆ ಓಡಿಸಬಹುದು. ಕಿಟಕಿಯ ಪಕ್ಕ ಯಾರೂ ಬೇಕಾಗಿಲ್ಲ.

ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ವೈರುಗಳ ಮೈ ಒಣಗಿ ಉದುರುತ್ತಿತ್ತು, ಸ್ವಿಚ್ಚುಗಳಿಗೆ ತುಕ್ಕು ಹತ್ತಿತ್ತು. ಕಣ್ಣಾರೆ ಕಂಡೂ ಚೆನ್ನಾಗಿದೆ ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಕೆಲಸದ ವಿಷಯದಲ್ಲಿ ಸುಳ್ಳಾಡಿ ಗೊತ್ತಿಲ್ಲದ ಪ್ರಾಣಿ, ಪಾಪ.

“ಡಿಜಿಟಲ್ಲೇ ಒಳ್ಳೇದು,” ಎಂದಳು ಮೇಜಿನ ಕೆಳಗಿನಿಂದಲೇ. “ನಿಮಗೆ ಯಾರ ಹಂಗೂ ಇರಲ್ಲ.”

ಅವನ ಕಾಲುಗಳು ಕಿಟಕಿಯ ತನಕ ಹೋಗಿ ತಿರುಗಿ ಬಂದವು. ಆಮೇಲೆ, ಸರಿ ಹಾಗಾದರೆ, ನಿಮಗೂ ಭಾನುವಾರ ಬಿಡುವಾಗುತ್ತದೆ ಎಂದ. ದನಿ ಯಾಕೆ ಹಾಗೆ ಇಳಿಯಿತೆಂದು ಅವನ ಕಾಲು ಮಾತ್ರ ಕಾಣುತ್ತಿದ್ದವಳಿಗೆ ಹೇಗೆ ತಿಳಿಯಬೇಕು? ಓಹೋ, ಇವರಿಗೂ ನಾನು ಬಂದು ಕೂರುವುದು ಸಾಕಾಗಿದೆ ಎಂದುಕೊಂಡಳು.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದೆಂದರೆ ಇದೇ. ಹಳೆಯ ವೈರುಗಳನ್ನೆಲ್ಲ ಕೈಯಾರೆ ಕಿತ್ತಳು, ಎಂಜಿನ್ನುಗಳನ್ನು ಬಿಚ್ಚಿ ಚಿಪ್ ಕೂರಿಸಿದಳು. ಕಿಟಕಿ ಬದಿಯ ಸ್ವಿಚ್ಚುಗಳನ್ನು ತೆಗೆಯುವಾಗ ಸ್ಕ್ರೂಡ್ರೈವರ್ ಜಾರಿ ಜಾರಿ ಬೀಳುತ್ತಿತ್ತು. ಮೇಲೆ ಬಂದ ಅವನ ಅಕ್ಕ, ಯಾಕಮ್ಮ ಮುಖ ಇಷ್ಟು ಸಣ್ಣಗಾಗಿದೆ ಎಂದು ಕೇಳಿ, ತಮ್ಮನದೂ ಅದೇ ಕತೆ, ಇಬ್ಬರಿಗೂ ಏನು ಬಡಿದಿದೆಯೋ ಎಂದು ಗೊಣಗಿಕೊಂಡು ಇಳಿದುಹೋದಳು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕೆಲಸ ಮುಗಿದ ಭಾನುವಾರ ಅವನು ರಿಮೋಟ್ ಒತ್ತಿದ. ಒಂದು ಗಾಡಿ ಆ ಕಡೆಯಿಂದ ಹೊರಟಿತು, ಇನ್ನೊಂದು ಈ ಕಡೆಯಿಂದ. ಎದುರಾಗುವ ಮೊದಲು ಒಂದನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿದರಾಯಿತು, ಮಕ್ಕಳಾಟ. ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಕೂತಿದ್ದವಳ ಕೈಗೆ ಮಾಡಲು ಏನೂ ಇರಲಿಲ್ಲ. ಎದ್ದು, ಇಕ್ಕಳ, ಟೆಸ್ಟರುಗಳನ್ನು ಬ್ಯಾಗಿಗೆ ತುಂಬಿ ಹೆಗಲಿಗೇರಿಸಿದಳು.

ಅಷ್ಟರಲ್ಲಿ ಸುರಂಗದ ಬಾಯಲ್ಲಿ ಎರಡೂ ಎಂಜಿನ್ನು ಮುಖಾಮುಖಿ ಢೀ ಕೊಟ್ಟು ಮಗುಚಿಕೊಂಡವು. ಹಳಿ ಶಾರ್ಟ್ ಆಗಿ ಕೋಣೆಯೆಲ್ಲ ಗಪ್‌ಚಿಪ್ಪಾಯಿತು.

“ಏನ್ರೀ, ರಿಮೋಟ್ ಕೈಯಲ್ಲಿ ಇಟ್ಕೊಂಡು ಎಲ್ಲಿ ನೋಡ್ತಿದ್ರಿ?”

“ನಿಮ್ಮನ್ನೇ.”

ಹೇಳಿದವನಿಗೇ ಗಾಬರಿಯಾಯಿತು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಹಾಗೆ ಒರೆಸಬೇಡಿ ಎಂದು ದಿನವಿಡೀ ಗಿರಾಕಿಗಳಿಗೆ ಬುದ್ಧಿ ಹೇಳುವವನು. ತಲೆ ತಗ್ಗಿಸಿಕೊಂಡೇ ಅಂದ: “ಡಿಜಿಟಲ್ ಒಳ್ಳೇದು ಅಂದೋರು ನೀವೇ. ಇಲ್ಲಿಗೆ ಬಂದು ಬಂದು ನಿಮಗೆ ಬೇಜಾರಾಗಿದೆ ಅಂದ್ಕೊಂಡೆ.”

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೇ ಬಂದರೆ ಮನುಷ್ಯರು ಏನು ಮಾಡಬೇಕು?

“ನೀವು ಮಿಸ್ತ್ರೀನ ಕೇಳಿದ್ರಿ, ಮಿಸ್ತ್ರಿ ಹೇಳಿದ್ಲು. ನನ್ನನ್ನ ಯಾವತ್ತು ಕೇಳಿದ್ರಿ?”

ಅವನು ತಲೆಯೆತ್ತಿದ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಅವಳು ಮೊದಲ ಸಲ ನೋಡಿದ್ದು. ನೋಡಬಾರದಿತ್ತು, ಹೆಗಲಿಗೇರಿಸಿದ್ದ ಬ್ಯಾಗನ್ನು ಮತ್ತೆ ಕೆಳಗಿಟ್ಟಳು.

“ಈಗ ಕೇಳ್ತೀನಿ. ಮುಂದಿನ ಭಾನುವಾರ ಬರ್ತೀರಾ?”

“ಎಲ್ಲಾ ಸರಿ ಮಾಡಿ ಆಯ್ತಲ್ಲ. ಬಂದು ಏನು ಮಾಡ್ಲಿ?”

“ಏನೂ ಮಾಡ್ಬೇಡಿ. ಸುಮ್ನೆ ಬನ್ನಿ. ನೀವು ಬರದೆ ಇದ್ರೆ ನನ್ ಕೈಲಿ ಆಗಲ್ಲ.”

ಬೀದಿಯಲ್ಲಿ ಅವಳು ಹೊಗದ ಮನೆಯಿರಲಿಲ್ಲ. ಲೈಟು ಹೋದರೆ ಕರೆಯುತ್ತಿದ್ದರು, ಫ್ಯಾನು ನಿಂತರೆ ಕರೆಯುತ್ತಿದ್ದರು. ಏನೂ ಕೆಡದಿರುವ ಮನೆಗೆ ಅವಳನ್ನು ಇದುವರೆಗೆ ಯಾರೂ ಕರೆದಿರಲಿಲ್ಲ.

“ಬರ್ತೀನಿ,” ಎಂದಳು ಕೊನೆಗೆ. “ಬ್ಯಾಗು ತರಲ್ಲ.”