ಮುಂಡಗೋಡದ ಪಿಚರ್

“ಅಬ್ಬಾ, ಆ ಭುಜ ನೋಡೇ ಸ್ಮೃತಿ! ಆಫ್ರಿಕಾದವನೇ ಇರಬೇಕು. ಎಷ್ಟು ಚೆಂದ ಎಸೀತಾನೆ!”

ಟಿಲ್‌ಬರ್ಗ್‌ನ ಬೇಸ್‌ಬಾಲ್ ಮೈದಾನದ ತಂತಿಬೇಲಿಗೆ ಮೂಗು ತಾಗಿಸಿ ನಿಂತು ಭಾವನಾ ಇಷ್ಟನ್ನೂ ಗಟ್ಟಿಯಾಗಿಯೇ ಹೇಳಿದ್ದಳು. ಹಾಲೆಂಡಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಬೇಲಿಯಾಚೆ ಚೆಂಡೆಸೆದು ತೋಳು ಸಡಿಲ ಮಾಡಿಕೊಳ್ಳುತ್ತಿದ್ದ ಕಪ್ಪು ಹುಡುಗ ಗುಂಗುರು ಕೂದಲ ಮೇಲೆ ಟೋಪಿ ಸರಿಪಡಿಸಿಕೊಂಡು ಮೆಲ್ಲಗೆ ತಿರುಗಿದ.

“ಆಫ್ರಿಕಾ ಅಲ್ರೀ, ಮುಂಡಗೋಡ. ಭುಜ ನಮ್ಮವ್ವನ ಕಡಿಂದ ಬಂದದ್ದು.”

ಸ್ಮೃತಿ ನಗು ತಡೆಯಲಾರದೆ ಹುಲ್ಲಿನ ಮೇಲೆ ಕೂತೇಬಿಟ್ಟಳು. ಭಾವನಾಗೆ ಬೇಲಿಯೊಳಗೇ ಕರಗಿಹೋಗಬಾರದೇ ಎನ್ನಿಸಿತು. ಅವನು ಮಾತ್ರ ತುಟಿಯಂಚಿನಲ್ಲೇ ನಕ್ಕು, ಮುಂದಿನ ಚೆಂಡನ್ನು ಮೊದಲಿಗಿಂತ ಜೋರಾಗಿ ಎಸೆದ. ಅದು ಯಾರಿಗಾಗಿ ಎಂದು ಅವಳಿಗೆ ಗೊತ್ತಾಯಿತು.

ಅದು 1998ರ ಮೇ ತಿಂಗಳು. ಮೈಸೂರಿನ ಭಾವನಾ ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರಲ್ಲಿ ಪ್ರೋಗ್ರಾಮರ್. ಪಕ್ಕದ ಆಮ್ಸ್ಟೆಲ್‌ವೀನ್‌ನಲ್ಲಿ ಅಣ್ಣ ಶ್ರೀಪಾದ, ಅತ್ತಿಗೆ ವಾಸಂತಿಯ ಜೊತೆ ವಾಸ. ಟಿಲ್‌ಬರ್ಗ್‌ನಲ್ಲಿ ಓದುತ್ತಿದ್ದ ಗೆಳತಿ ಸ್ಮೃತಿಯನ್ನು ನೋಡಲು ಬಂದವಳು, ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನ ಭಾನುವಾರವೂ. ಮೂರನೆಯ ಸಲಕ್ಕೆ ಸ್ಮೃತಿ, “ನನ್ನ ನೆಪ ಸಾಕು ಕಣೇ, ನೇರವಾಗಿ ಮೈದಾನಕ್ಕೇ ಹೋಗು” ಎಂದಳು.

ಅವನ ಹೆಸರು ಪರಶುರಾಮ ಸಿದ್ದಿ, ಆಫ್ರಿಕಾ ಮೂಲದ ಸಿದ್ದಿ ಜನಾಂಗದವನು. ಹತ್ತರ ಹುಡುಗನಾಗಿದ್ದಾಗ ಅವನ ಓಟ, ಎಸೆತ ನೋಡಿ ಬೆಂಗಳೂರಿನ ಕ್ರೀಡಾ ಹಾಸ್ಟೆಲ್ಲಿಗೆ ಆರಿಸಿಕೊಂಡಿದ್ದರು. ಅಲ್ಲಿ ಜಾವೆಲಿನ್, ಆಮೇಲೆ ಎಂಜಿನಿಯರಿಂಗ್, ಈಗ ಟಿಲ್‌ಬರ್ಗ್‌ನ ಸಾಗಣೆ ಕಂಪನಿಯೊಂದರಲ್ಲಿ ಕೆಲಸ. ‘ರೈಗರ್ಸ್’ ಕ್ಲಬ್ಬಿನವರು ಅವನ ಎಸೆತ ಕಂಡು, ವಾರಕ್ಕಿಷ್ಟು ಸಂಬಳವೆಂದು ಗೊತ್ತುಮಾಡಿ ಚೆಂಡೆಸೆಯುವ ಪಿಚರ್ ಮಾಡಿಕೊಂಡಿದ್ದರು. ಕ್ಲಬ್ಬಿನ ಚರಿತ್ರೆಯಲ್ಲೇ ಕಪ್ಪು ಆಟಗಾರರು ಬಂದದ್ದು ಅದೇ ವರ್ಷ. ಇವನು, ಮತ್ತು ಕೆರಿಬಿಯನ್ನಿನ ಕುರಸಾವ್ ದ್ವೀಪದಿಂದ ಬಂದ, ಇವನ ಎಸೆತ ಹಿಡಿಯುವ ಕ್ಯಾಚರ್ ಎಲ್ವಿನ್.

“ನಮ್ಮ ಹಿರಿಯರನ್ನ ಪೋರ್ಚುಗೀಸರು ಗುಲಾಮರ ಮಾಡಿ ತಂದ್ರು, ಎಲ್ವಿನ್ ಹಿರಿಯರನ್ನ ಡಚ್ಚರು ಒಯ್ದ್ರು. ಹಡಗು ಬ್ಯಾರೆ, ಅಷ್ಟ,” ಎಂದ ಪರಶುರಾಮ ಒಂದು ದಿನ, ಕರಿದ ಆಲೂಗಡ್ಡೆಯ ಬಿಸಿ ಪಟಾಟ್ ಪೊಟ್ಟಣವನ್ನು ಅವಳತ್ತ ಚಾಚುತ್ತ.

“ಬೇಜಾರಾಗಲ್ವಾ?”

“ಬೆಂಗಳೂರಾಗ ಬಸ್ ಹತ್ತಿದ್ರ ಕಂಡಕ್ಟರ್ ಇಂಗ್ಲಿಷ್‌ನಾಗ ಮಾತಾಡ್ತಿದ್ದ. ಅದು ಬ್ಯಾಸರ. ಇಲ್ಲಿ ಆಡಿ ತೋರಿಸಿದ್ರಾತು.”

ಆಡಿ ತೋರಿಸುವುದೂ ಸುಲಭವಿರಲಿಲ್ಲ. ಅವರದೇ ತಂಡದಲ್ಲಿ ಮೂರನೇ ಬೇಸ್ ಎಂಬ ಓಟದ ನೆಲೆ ಕಾಯುವ ಡಿರ್ಕ್, ಪರಶುರಾಮ ಮತ್ತು ಎಲ್ವಿನ್ ಕೂತ ಬೆಂಚಿನಲ್ಲಿ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದ. ಎದುರು ತಂಡಗಳ ಊರುಗಳಲ್ಲಿ ಕೆಲವರು ಮಂಗನಂತೆ ಕೂಗುತ್ತಿದ್ದರು. ಪರಶುರಾಮ ಒಮ್ಮೆಯೂ ಆ ಕಡೆ ನೋಡಲಿಲ್ಲ. ಬ್ಯಾಟ್ ಹಿಡಿದವನನ್ನು ದಿಟ್ಟಿಸಿ, ಬೆನ್ನು ಸೆಟೆಸಿ, ಎಸೆಯುತ್ತಿದ್ದ. ಜುಲೈ ಕಳೆಯುವ ಹೊತ್ತಿಗೆ ಸೋಲುತ್ತಲೇ ಇದ್ದ ರೈಗರ್ಸ್ ಎರಡನೇ ಸ್ಥಾನಕ್ಕೆ ಏರಿತ್ತು. ಅವನು ಮೈದಾನಕ್ಕೆ ನಡೆದುಬರುವಾಗ ಭಾವನಾಳ ಬೆನ್ನೂ ತಾನಾಗಿ ನೆಟ್ಟಗಾಗುತ್ತಿತ್ತು.

ಆಮ್ಸ್ಟೆಲ್‌ವೀನ್‌ನಲ್ಲಿ ನಡೆದ ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಅವಳೇ ಅವನನ್ನು ಕರೆದಳು. ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಹೂವು ಹಿಡಿದು ಬಂದ. ಸಭಾಂಗಣದ ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ಶ್ರೀಪಾದನೇ ನಿಂತಿದ್ದ.

“ಸಾರಿ, ಪ್ರೈವೇಟ್ ಫಂಕ್ಷನ್,” ಎಂದ ಇಂಗ್ಲಿಷಿನಲ್ಲಿ.

“ನಮಸ್ಕಾರ್ರೀ. ಗಣಪ್ಪನ ದರ್ಶನ ಮಾಡಿ ಹೋಗ್ತೀನ್ರಿ.”

ಶ್ರೀಪಾದ ತಬ್ಬಿಬ್ಬಾಗಿ ನಕ್ಕ. “ಓಹೋ, ಕನ್ನಡ ತುಂಬಾ ಚೆನ್ನಾಗಿ ಕಲ್ತಿದ್ದೀರಿ!”

“ಕಲ್ತಿಲ್ರೀ. ನಮ್ಮವ್ವ ಜೋಗುಳ ಹಾಡಿದ್ದ ಇದರಾಗ.”

ಕೋಸಂಬರಿ ಬಡಿಸುತ್ತಿದ್ದ ಭಾವನಾ ಸೌಟು ಬಿಟ್ಟು ಓಡಿಬಂದಳು.

“ಯಾರಮ್ಮ ಇವರು?” ಎಂದ ಅಣ್ಣ, ದನಿ ತಗ್ಗಿಸಿ.

“ನಾನು ಮದುವೆ ಆಗೋರು.”

ಸುತ್ತಲಿನವರೆಲ್ಲ ಹುಬ್ಬೇರಿಸಿ ತಿರುಗಿದರು. ಪರಶುರಾಮನ ಹುಬ್ಬು ಎಲ್ಲರಿಗಿಂತ ಮೇಲೇರಿತ್ತು.

“ಭಾವನಾ! ಅಪ್ಪನಿಗೆ ಏನಂತ ಹೇಳ್ಲಿ?”

“ಹಬ್ಬಕ್ಕೆ ಬಂದ ಅತಿಥೀನ ಬಾಗಿಲಲ್ಲಿ ತಡೆದೆ ಅಂತ ಮೊದಲು ಹೇಳು. ಉಳಿದಿದ್ದು ನಾನು ಹೇಳ್ತೀನಿ.”

ಪರಶುರಾಮ ಒಳಗೆ ಹೋಗಿ, ಹೂವಿಟ್ಟು, ಕೈಮುಗಿದು ಹೊರಬಂದ. ಅವನನ್ನು ಕಳಿಸಲು ಭಾವನಾ ಟ್ರ್ಯಾಮ್ ನಿಲ್ದಾಣದವರೆಗೂ ನಡೆದಳು.

“ನಾ ಇನ್ನೂ ಕೇಳೇ ಇಲ್ಲಲ್ರೀ,” ಎಂದ ಅವನು.

“ಕೇಳಿದ್ದೀರಿ. ಪ್ರತೀ ಭಾನುವಾರ, ಕಣ್ಣಲ್ಲಿ.”

ಅವನು ನಗಲಿಲ್ಲ. “ಸಿಟ್ಟಿನಾಗ ಹೇಳಿದ ಮಾತು ನನಗ ಬ್ಯಾಡ, ಭಾವನಾ. ಅಣ್ಣನ್ನ ಸೋಲಸಾಕ ನನ್ನ ಹೆಸರು ತಗೋಬ್ಯಾಡ್ರಿ. ಸಿಟ್ಟು ಇಳಿದ ಮ್ಯಾಲೂ ಅದ ಮಾತು ಇದ್ರ, ಆಗ ಹೇಳ್ರಿ.”

ಟ್ರ್ಯಾಮ್ ಅವನನ್ನು ಕರೆದೊಯ್ದಿತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆ. ಇಂಥವನನ್ನೇ ತಾನು ಮೆಚ್ಚಿದ್ದು.

ಆ ವಾರವಿಡೀ ಶ್ರೀಪಾದ ಮನೆಯಲ್ಲಿ ಸಿಡುಕುತ್ತಲೇ ಇದ್ದ. ಕೊನೆಗೆ ವಾಸಂತಿಯೇ ಗಂಡನ ಮುಂದೆ ಕಾಫಿ ಇಟ್ಟು ಹೇಳಿದಳು: “ಆಫೀಸಲ್ಲಿ ನಿಮ್ಮನ್ನ ಯಾರೋ ಕೀಳಾಗಿ ನೋಡಿದ್ರು ಅಂತ ಬಂದು ಎಷ್ಟು ಸಲ ನೊಂದ್ಕೊಂಡಿದೀರಿ? ಆ ಹುಡುಗನಿಗೆ ನೋವಾಗಲ್ವಾ?” ಶ್ರೀಪಾದ ಕಾಫಿ ಕುಡಿಯದೇ ಎದ್ದುಹೋದ. ಆದರೆ ಹಬ್ಬ ಕಳೆದು ತಿಂಗಳಾದ ಮೇಲೆ, ಸೀಸನ್ನಿನ ಕೊನೆಯ ಪಂದ್ಯಕ್ಕೆ ಭಾವನಾ ಹೊರಟಾಗ, ಬೂಟು ಹಾಕಿಕೊಂಡು ಅವನೂ ಹೊರಟ.

ಗೆದ್ದರೆ ರೈಗರ್ಸ್ ಲೀಗಿನ ಮೇಲಿನ ವರ್ಗಕ್ಕೆ. ಕೊನೆಯ ಇನ್ನಿಂಗ್ಸ್, ಒಂದೇ ರನ್ನಿನ ಮುನ್ನಡೆ, ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು; ಆದರೆ ಎದುರಾಳಿಗಳಿಬ್ಬರು ಬೇಸ್‌ಗಳಲ್ಲಿ ಓಡಲು ಸಿದ್ಧ. ಎದುರಾಳಿಗಳ ಬೆಂಬಲಿಗರಿಂದ ಮತ್ತೆ ಆ ಮಂಗನ ಕೂಗು ಎದ್ದಿತು. ಶ್ರೀಪಾದನ ಮುಖ ಕಪ್ಪಿಟ್ಟಿತು. ಅವನು ತಟ್ಟನೆ ಎದ್ದು, ಗಂಟಲು ಹರಿಯುವಂತೆ ಕೂಗಿದ: “ಹಾಕಪ್ಪಾ ಪರಶುರಾಮ! ಹಾಕು!”

ಪರಶುರಾಮ ಎಸೆದ. ಬ್ಯಾಟಿಗೆ ತಾಗಿದ ಚೆಂಡು ಮೂರನೇ ಬೇಸಿನತ್ತ ಸಿಡಿಯಿತು. ಡಿರ್ಕ್ ಅಡ್ಡಬಿದ್ದು, ಮಣ್ಣಿಗೆ ತಾಗುವ ಮುನ್ನ ಹಿಡಿದ. ಎದ್ದವನು ನೇರ ಓಡಿಬಂದದ್ದು ಪರಶುರಾಮನ ಬಳಿಗೆ. ಅವನನ್ನು ತಬ್ಬಿ ಎತ್ತಿಬಿಟ್ಟ. ಎಲ್ವಿನ್ ಇಬ್ಬರ ಮೇಲೂ ಹಾರಿದ.

ಭಾವನಾ ಬೇಲಿ ದಾಟಿ ನಡೆದು ಹೋದಳು. ಮುಖವೆಲ್ಲ ಮಣ್ಣಾಗಿ, ಏದುಸಿರು ಬಿಡುತ್ತ ನಿಂತಿದ್ದ ಅವನು.

“ಸಿಟ್ಟು ಇಳಿದು ಆಗ್ಲೇ ಮೂರು ವಾರ ಆಯ್ತು,” ಎಂದಳು. “ಮಾತು ಹಾಗೇ ಇದೆ.”

ಪರಶುರಾಮ ಅವಳ ಹಿಂದೆ ನಿಂತಿದ್ದ ಶ್ರೀಪಾದನನ್ನು ನೋಡಿದ. ಶ್ರೀಪಾದ ಮುಂದೆ ಬಂದು ಕೈಚಾಚಿದ. “ಆವತ್ತು ತಪ್ಪಾಯ್ತು ನನ್ನಿಂದ. ಅಪ್ಪನ ಹತ್ರ ನಾನೇ ಮಾತಾಡ್ತೀನಿ.”

“ನಾನೂ ಬರ್ತೀನ್ರಿ ಮೈಸೂರಿಗೆ,” ಎಂದ ಪರಶುರಾಮ. “ಅವರ ಮುಂದ ಕೂತು ನಾನ ಕೇಳಬೇಕು.”

ಮಣ್ಣಿನ ಕೈಯನ್ನು ಅಂಗಿಗೆ ಒರೆಸಿಕೊಳ್ಳಹೋದ ಅವನನ್ನು ಭಾವನಾ ತಡೆದಳು. ಆ ಕೈಯನ್ನು ಹಾಗೆಯೇ ಹಿಡಿದು, ಎದ್ದುನಿಂತ ಜನರೆಲ್ಲ ನೋಡುತ್ತಿರುವಂತೆ, ತಲೆಯೆತ್ತಿ ಅವನ ಪಕ್ಕ ಮೈದಾನದುದ್ದಕ್ಕೂ ನಡೆದಳು.