ಪರದೆ ಅವಳ ಕೈಯಲ್ಲಿ, ಕೀಬೋರ್ಡ್ ಅವನ ತೊಡೆಯ ಮೇಲೆ

"ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀರಾ? ಏನು ಬೇಕು ಅಂತ ಮೂರು ಸಲ ಕೇಳಿದೆ!"

ಕೌಂಟರಿನ ಆಚೆ ನಿಂತಿದ್ದವನು ಆಗಲೂ ಮಾತಾಡಲಿಲ್ಲ. ಕುತ್ತಿಗೆಗೆ ಸುತ್ತಿದ್ದ ನೀಲಿ ಬಟ್ಟೆಯನ್ನು ಎರಡು ಬೆರಳಿನಿಂದ ಸರಿಸಿ ತೋರಿಸಿದ. ಗಂಟಲಿನ ಕೆಳಗೆ ಅಂಗಿಯ ಗುಂಡಿಯಷ್ಟಗಲದ ಒಂದು ತೂತು. ಉಸಿರು ಅದರಲ್ಲೇ ಹೋಗಿ ಬರುತ್ತಿತ್ತು.

ಅವಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವನು ಬಟ್ಟೆಯನ್ನು ಸರಿಮಾಡಿಕೊಂಡು, ಗಿರಾಕಿಗಳಿಗೆ ತೋರಿಸಲು ತೆರೆದಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡಿ ಅವಳ ಕಡೆ ತಿರುಗಿಸಿದ.

'ಬೀಗ ಅಲ್ಲ. ಬಾಗಿಲನ್ನೇ ಕಿತ್ತುಹಾಕಿದಾರೆ.'

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಆ ಅಂಗಡಿಯಲ್ಲಿ ಅವಳ ಕೆಲಸ ಕೆಟ್ಟ ಕೀಬೋರ್ಡುಗಳನ್ನು ಸರಿಮಾಡುವುದು, ಹೊಸದನ್ನು ತೋರಿಸುವುದು. ಯಜಮಾನರು ಅವಳಿಗೆ ಇಟ್ಟ ಹೆಸರು ಬಾಯಿಬಡುಕಿ. ಸುಮ್ಮನಿರಮ್ಮ ಅಂದರೆ ಸುಮ್ಮನಿರುವುದರ ಬಗ್ಗೆಯೇ ಹತ್ತು ಮಾತಾಡುವವಳು! ಅದಕ್ಕೆ ಕಾರಣವೂ ಇತ್ತು. ಅವಳ ಅಪ್ಪ ಅಮ್ಮನ ಮೇಲೆ ಮುನಿಸಿಕೊಂಡು ಒಂಬತ್ತು ವರ್ಷ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ತಟ್ಟೆ ಕುಟ್ಟಿದರೆ ಇನ್ನೂ ಬೇಕು ಅಂತ, ಸರಿಸಿದರೆ ಸಾಕು ಅಂತ. ಹಾಗೆಯೇ ಒಂದು ದಿನ ಸತ್ತೂ ಹೋದ. ಉಪವಾಸವಾದರೂ ಇದ್ದೇನು, ಮಾತಿಲ್ಲದ ಮನೆಗೆ ಮಾತ್ರ ಸೇರಲಾರೆ ಅಂತ ಅವಳು ಅಂದೇ ತೀರ್ಮಾನಿಸಿದ್ದಳು.

ಹಣೆಬರಹ ಯಾರನ್ನು ಕೇಳಿ ಬರೆಯುತ್ತದೆ ಹೇಳಿ...

ಬಂದವನು ಭೂಗೋಳದ ಮೇಷ್ಟ್ರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಪಾಠ ಬಿಡಲು ಮನಸ್ಸಿಲ್ಲ. ಟೈಪ್ ಮಾಡಿ ಜನರ ಜೊತೆ ಮಾತಾಡಲು ಫೋನ್, ಲ್ಯಾಪ್‌ಟಾಪುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಲು ಬಂದಿದ್ದ.

"ಒಂದು ಕೆಲಸ ಮಾಡಿ ಮೇಷ್ಟ್ರೇ," ಅಂದಳು ಕಣ್ಣೊರೆಸಿಕೊಂಡು. "ಒಂದೊಂದರಲ್ಲೂ ನನ್ನನ್ನ ಬೈಯಿರಿ. ಬೈಸ್ಕೊಳ್ಳೋಕೆ ನಾನು ಲಾಯಕ್ಕಾಗೇ ಇದೀನಿ. ಯಾವುದರಲ್ಲಿ ಸರಿಯಾಗಿ ನಾಟುತ್ತೋ ಅದನ್ನ ತಗೊಳ್ಳಿ."

ಮೊದಲು ಫೋನ್. ಗಾಜಿನ ಮೇಲೆ ಬೆರಳಿಗೆ ಅಕ್ಷರ ತಿಳಿಯದು, ತಲೆ ತಗ್ಗಿಸಿ ಹುಡುಕಬೇಕು. ಸಾಲದ್ದಕ್ಕೆ ಫೋನೇ ಮೇಲಿನ ಸಾಲಿನಲ್ಲಿ ಮೂರು ಮೂರು ಪದ ಎತ್ತಿಕೊಡುತ್ತಿತ್ತು. ಅವನು 'ನೀವು' ಅಂತ ಶುರುಮಾಡಿದರೆ ಅದು 'ಹೇಗಿದ್ದೀರಿ' ಅನ್ನುತ್ತಿತ್ತು. ಬೈಯಲು ಹೊರಟವನು ಕುಶಲ ವಿಚಾರಿಸಿದ ಹಾಗಾಯಿತು. ಗುಂಡಿಗಳಿದ್ದ ಹಳೇ ಮಾದರಿಯ ಫೋನಿನಲ್ಲಿ ಒತ್ತಿದ್ದು ಬೆರಳಿಗೆ ತಿಳಿಯಿತು, ಆದರೆ ಗುಂಡಿಗಳು ಸಾಸಿವೆ ಕಾಳಿನಷ್ಟು. ಒಂದು ಒತ್ತಿದರೆ ಮೂರು ಬೀಳುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಹತ್ತೂ ಬೆರಳು ಓಡಿದವು. ಆದರೆ ಅದರ ಮುಚ್ಚಳ ಇಬ್ಬರ ನಡುವೆ ಗೋಡೆಯಂತೆ ನಿಂತಿತು, ಒಂದೊಂದು ಮಾತಿಗೂ ತಿರುಗಿಸಿ ತೋರಿಸಬೇಕು.

ಕೊನೆಗೆ ಅವಳು ಒಂದು ಟ್ಯಾಬ್ಲೆಟ್ ತೆಗೆದಳು. ಅದಕ್ಕೆ ಅಂಟಿಕೊಂಡಿದ್ದ ಕೀಬೋರ್ಡನ್ನು ಬಿಡಿಸಿ ಅವನ ತೊಡೆಯ ಮೇಲಿಟ್ಟು, ಪರದೆಯನ್ನು ತಾನು ಹಿಡಿದುಕೊಂಡು ಎದುರಿಗೆ ಕುಳಿತಳು. ಇದು ತೆಳು, ತೊಡೆಯ ಮೇಲೆ ಅಲ್ಲಾಡುತ್ತೆ, ಕೀಬೋರ್ಡಿನ ಬ್ಯಾಟರಿಯೇ ಬೇರೆ, ಮರೆತರೆ ಕೈಕೊಡುತ್ತೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಪರದೆಯ ಮೇಲೆ ಅಕ್ಷರಗಳು ಸರಸರನೆ ಮೂಡಿದವು. 'ಬಾಯಿ ಇರೋರಿಗೆಲ್ಲ ಬುದ್ಧಿ ಇರೋದಿಲ್ಲ.'

ಅವಳು ತಲೆಯೆತ್ತಿದಳು. ಅವನು ನೇರವಾಗಿ ಅವಳ ಮುಖವನ್ನೇ ನೋಡುತ್ತಿದ್ದ. ತಗ್ಗಿ ನೋಡುವ ಅಗತ್ಯವೇ ಇರಲಿಲ್ಲ. ಬೈದವನ ಕಣ್ಣಲ್ಲಿ ಒಂದು ಚೂರೂ ಕೋಪವಿರಲಿಲ್ಲ. ಅವಳು ಅದನ್ನೇ ಕಟ್ಟಿಕೊಟ್ಟಳು.

ಆಮೇಲೆ ಶಾಲೆ ಬಿಟ್ಟ ಕೂಡಲೇ ಅವನು ಅಂಗಡಿಯ ಕಡೆ ಬರುವುದು ರೂಢಿಯಾಯಿತು. ಹೊರಗಿನ ಬೆಂಚಿನ ಒಂದು ತುದಿಗೆ ಅವನು, ಇನ್ನೊಂದಕ್ಕೆ ಅವಳು. ಪರದೆ ಅವಳ ಕೈಯಲ್ಲಿ, ಕೀಬೋರ್ಡ್ ಅವನ ತೊಡೆಯ ಮೇಲೆ. ನದಿಗಳು ದಿಕ್ಕು ಬದಲಿಸಿದ ಕಥೆಯನ್ನೂ, ಸಹೋದ್ಯೋಗಿಗಳ ಚಾಡಿಯನ್ನೂ ಅವನು ಪುಟಗಟ್ಟಲೆ ಟೈಪ್ ಮಾಡುತ್ತಿದ್ದ. ಅವಳು ಅರ್ಧ ಓದಿ, ಉಳಿದರ್ಧವನ್ನು ತಾನೇ ಊಹಿಸಿ, ಮಧ್ಯೆ ಬಾಯಿ ಹಾಕುತ್ತಿದ್ದಳು, ಅಪ್ಪನ ಒಂಬತ್ತು ವರ್ಷದ ಕಥೆಯನ್ನೂ ಹೇಳಿಕೊಂಡಿದ್ದಳು. ಯಾರೂ ಅವಳ ಜೊತೆ ಅಷ್ಟು ಮಾತಾಡಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಅವನ ಮಾತು ನಿಧಾನವಾಯಿತು. ಅಕ್ಷರಗಳು ತಡೆದು ತಡೆದು ಬರತೊಡಗಿದವು. ಇದು ಬ್ಯಾಟರಿಯದೇ ತೊಂದರೆ ಎಂದು ಅವಳು ತಾನಾಗಿ ಬಿಚ್ಚಿ ಬದಲಿಸಿದಳು. ಎರಡು ವಾರಕ್ಕೆ ಮತ್ತೊಮ್ಮೆ ಬದಲಿಸಿದಳು. ಅವನು ಬೇಡವೆನ್ನಲಿಲ್ಲ, ಸುಮ್ಮನೆ ನೋಡುತ್ತಿದ್ದ.

ಒಂದು ಸಂಜೆ ಅವಳೇ ಕೇಳಿಬಿಟ್ಟಳು. "ಮೇಷ್ಟ್ರೇ, ನನ್ನನ್ನ ಮದುವೆ ಆಗ್ತೀರಾ?"

ಪರದೆಯ ಮೇಲೆ ಒಂದೊಂದೇ ಅಕ್ಷರ ಬಂತು. 'ನಾಳೆ ಆಸ್ಪತ್ರೆಗೆ ಹೋಗ್ಬೇಕು. ಬಂದು ಹೇಳ್ತೀನಿ.'

ಬರಲಿಲ್ಲ. ಅವಳು ಫೋನಿಗೆ ಸಂದೇಶ ಕಳಿಸಿದಳು. ಎಲ್ಲಿದ್ದೀರಿ ಅಂದರೆ 'ಮನೆಯಲ್ಲಿ.' ನಾನು ಕೇಳಿದ್ದು ಏನಾಯ್ತು ಅಂದರೆ 'ಬೇಡ.' ಯಾಕೆ ಅಂದರೆ 'ಕ್ಷಮಿಸಿ. ಧನ್ಯವಾದಗಳು.'

ಧನ್ಯವಾದ! ಕೌಂಟರಿನಲ್ಲಿ ಚಿಲ್ಲರೆ ಸಾಮಾನು ಕೊಂಡು ಹೋಗುವವರು ಹೇಳುವ ಮಾತು... ಹನ್ನೊಂದು ದಿನ ಅವಳು ಉರಿದಳು. ಅಪ್ಪ ತಟ್ಟೆ ಕುಟ್ಟುವ ಸದ್ದು ಕಿವಿಯಲ್ಲಿ ಮತ್ತೆ ಶುರುವಾಯಿತು. ಇವನೂ ಅದೇ ಜಾತಿಯವನು, ಚೆನ್ನಾಗಿ ಬುದ್ಧಿ ಬಂತು ನನಗೆ ಅಂದುಕೊಂಡಳು.

ಹನ್ನೆರಡನೇ ದಿನ ಮಧ್ಯಾಹ್ನ ಅವನ ಅಕ್ಕ ಅಂಗಡಿಗೆ ಬಂದರು. ಕೈಚೀಲದಿಂದ ಟ್ಯಾಬ್ಲೆಟ್ಟನ್ನೂ ಕೀಬೋರ್ಡನ್ನೂ ತೆಗೆದು ಕೌಂಟರಿನ ಮೇಲಿಟ್ಟರು. ತಮ್ಮನಿಗೆ ಇನ್ನು ಇದು ಬೇಡವಂತೆ, ಯಾರಿಗಾದರೂ ಉಪಯೋಗವಾಗಲಿ ಅಂದನಂತೆ.

ಅವಳು ಮುಖ ಗಂಟಿಕ್ಕಿಕೊಂಡೇ ತೆಗೆದುಕೊಂಡಳು. ಯಾವ ಕೀಬೋರ್ಡ್ ಬಂದರೂ ಮೊದಲು ದೀಪಕ್ಕೆ ಓರೆಯಾಗಿ ಹಿಡಿದು ನೋಡುವುದು ಅವಳ ಅಭ್ಯಾಸ. ಹಿಡಿದವಳು ಹಾಗೆಯೇ ನಿಂತಳು.

ಎಡಗಡೆಯ ಕೀಗಳು ಬೆರಳಿನ ಜಿಡ್ಡಿಗೆ ಮಿರಿಮಿರಿ ಮಿಂಚುತ್ತಿದ್ದವು. ಬಲಗೈಯೇ ಮುಟ್ಟುವ, ಅಕ್ಷರವಿಲ್ಲದ ಬಲತುದಿಯ ಕೀಗಳ ಮೇಲೆ, ಸಂದಿಗಳಲ್ಲಿ, ಧೂಳು ಕಲಕದೆ ಕೂತಿತ್ತು. ಹನ್ನೊಂದು ದಿನದ ಧೂಳಲ್ಲ ಅದು. ತಿಂಗಳಿಗೂ ಮೇಲಿನದು.

ಫೋನ್ ತೆಗೆದು ಅವನ ಸಂದೇಶಗಳನ್ನು ಮತ್ತೆ ಓದಿದಳು. ಮನೆಯಲ್ಲಿ. ಬೇಡ. ಕ್ಷಮಿಸಿ. ಧನ್ಯವಾದಗಳು. ಪುಟಗಟ್ಟಲೆ ಹರಟುವ ಮನುಷ್ಯನ ಮಾತುಗಳೇ ಅಲ್ಲ. ಎಲ್ಲವೂ ಆ ಮೇಲಿನ ಸಾಲಿನಲ್ಲಿ ಫೋನ್ ತಾನಾಗಿ ಎತ್ತಿಕೊಡುವ ಪದಗಳು. ಒಂದು ಬೆರಳು ತಾಗಿಸಿದರೆ ಸಾಕು.

'ಅಯ್ಯೋ ಮೂರ್ಖಿ... ಬ್ಯಾಟರಿ ಬದಲಿಸಿದೆಯಲ್ಲೇ, ಎರಡು ಸಲ! ಪರದೆ ನೋಡ್ತಾ ಕೂತೆ. ಒಂದು ದಿನ ಅವರ ಕೈ ನೋಡಿದೆಯಾ?'

"ಅಕ್ಕ," ಅಂದಳು. "ಅವರ ಬಲಗೈಗೆ ಏನಾಗಿದೆ?"

ಅಕ್ಕ ಸ್ಟೂಲಿನ ಮೇಲೆ ಕುಳಿತು ಹೇಳಿದರು. ರೋಗ ತಿರುಗಿ ಬಂದಿತ್ತು. ಈ ಸಲ ಕುತ್ತಿಗೆಯ ಬುಡದಲ್ಲಿ, ಬಲಗೈಗೆ ಹೋಗುವ ನರಗಳನ್ನು ಸುತ್ತಿಕೊಂಡು. ಸೋಮವಾರ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ, ಆದರೆ ಆ ಕೈ ಇನ್ನೆಂದೂ ಏಳುವುದಿಲ್ಲ. ಮಾಡಿಸದಿದ್ದರೆ ಕೆಲವು ತಿಂಗಳು. ಅವನು ಒಪ್ಪುತ್ತಿಲ್ಲ. ಬಾಯಿ ಹೋಯಿತು, ಕೈಯೂ ಹೋದ ಮೇಲೆ ಮೂಲೆಯ ಸಾಮಾನಿನ ಹಾಗೆ ಬದುಕಲಾರೆ ಎಂದು ಬರೆದು ಅಕ್ಕನ ಮುಂದೆ ಇಟ್ಟಿದ್ದ.

ಅವಳು ಯಜಮಾನರಿಗೆ ಹೇಳಿ, ಟ್ಯಾಬ್ಲೆಟ್ಟನ್ನೂ ಕೀಬೋರ್ಡನ್ನೂ ಎತ್ತಿಕೊಂಡು, ಅಕ್ಕನ ಜೊತೆಯಲ್ಲೇ ಹೊರಟಳು.

ಅವನು ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಬಲಗೈ ತೊಡೆಯ ಮೇಲೆ ಇಟ್ಟ ಹಾಗೇ ಇತ್ತು. ಅವಳನ್ನು ಕಂಡು ಎಡಗೈಯಿಂದ ಫೋನ್ ತೆಗೆದು ಮೇಲಿನ ಸಾಲಿನಿಂದ ಒಂದು ಪದ ಒತ್ತಿ ತೋರಿಸಿದ. 'ಹೋಗಿ.'

ಅವಳು ಫೋನನ್ನು ಕಸಿದುಕೊಂಡು ಕಿಟಕಿಯಲ್ಲಿಟ್ಟಳು. "ಫೋನ್ ಆಡೋ ಮಾತು ನನಗೆ ಬೇಡ. ನಿಮ್ಮದು ಬೇಕು."

ಕೀಬೋರ್ಡನ್ನು ಅವನ ಎಡಗೈಗೆ ಎಟುಕುವ ಹಾಗೆ ಇಟ್ಟು, ಪರದೆ ಹಿಡಿದು ಎದುರಿಗೆ ಕುಳಿತಳು. ಅವನು ಮುಟ್ಟಲಿಲ್ಲ. ಅವಳು ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಬೆರಳು ಕೀಗಳ ಮೇಲೆ ಇಳಿಯಿತು.

'ಒಂದು ಮಾತಿಗೆ ಹತ್ತು ನಿಮಿಷ. ನೀನು ಬಾಯಿಬಡುಕಿ. ಕಾಯೋಕೆ ಆಗಲ್ಲ ನಿನ್ನ ಕೈಲಿ.'

ಇಷ್ಟು ದಿನ 'ನೀವು' ಎನ್ನುತ್ತಿದ್ದವನು 'ನೀನು' ಅಂದಿದ್ದ. ಅದು ಅವಳಿಗೆ ತಿಳಿಯಿತು. ತಿಳಿದರೂ ಬಾಯಿಬಿಡಲಿಲ್ಲ. ಉಳಿದ ಮಾತನ್ನು ಊಹಿಸಲೂ ಇಲ್ಲ. ಈ ಸಲ ಅವಳು ಪರದೆಯನ್ನಲ್ಲ, ಆ ಬೆರಳನ್ನೇ ನೋಡುತ್ತಿದ್ದಳು. ಅದು ಕೀಬೋರ್ಡಿನ ಬಲಗಡೆಯ ಅಕ್ಷರಗಳವರೆಗೂ ಹೋಗಿ ಹುಡುಕಿ ಬರುತ್ತಿತ್ತು.

'ಎಡಗೈನೂ ನಿಂತುಹೋದ್ರೆ? ನಿಮ್ಮಪ್ಪನ ಮನೆ ಥರಾನೇ ಆಗುತ್ತೆ.'

ಅವಳ ಕಣ್ಣು ತುಂಬಿ ಬಂತು.

"ಇಲ್ಲ," ಅಂದಳು. "ನಮ್ಮಪ್ಪನ ಹತ್ರ ಮಾತಿತ್ತು, ನಮಗೆ ಕೊಡ್ಲಿಲ್ಲ. ನಿಮಗೆ ಒಂದೊಂದು ಅಕ್ಷರಕ್ಕೂ ಜೀವ ಹೋಗಿ ಬರ್ತಿದೆ, ಆದ್ರೂ ಕೊಡ್ತಿದೀರಿ. ಎಡಗೈ ನಿಂತ್ರೆ ಕಣ್ಣಲ್ಲಿ ಹೇಳಿ. ನಾನು ತಪ್ಪು ತಿಳ್ಕೊಂಡ್ರೆ ಮತ್ತೆ ಹೇಳಿ. ನನಗೆ ನೀವು ಬೇಕು. ಇರಿ, ಅಷ್ಟೇ."

ಬಾಗಿಲಿನಲ್ಲಿ ನಿಂತಿದ್ದ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಅವನು ಅತ್ತ. ದನಿಯಿಲ್ಲದ ಅಳು, ಕುತ್ತಿಗೆಯ ಬಟ್ಟೆ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಅವಳು ಎದ್ದು ಹೋಗಿ ಅವನ ಬಲಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅದು ತಣ್ಣಗಿತ್ತು, ಹಿಡಿತವಿರಲಿಲ್ಲ. ಆದರೂ ಅವಳು ಬಿಡಲಿಲ್ಲ.

ಎಡಗೈ ಮತ್ತೆ ಕೀಬೋರ್ಡಿಗೆ ಹೋಯಿತು.

'ಸೋಮವಾರ ಹೋಗ್ತೀನಿ. ಬರ್ತೀಯಾ?'

"ಎಲ್ಲಿಗೆ? ಆಸ್ಪತ್ರೆಗೋ, ಮದುವೆಗೋ?"

'ಮೊದಲು ಆಸ್ಪತ್ರೆ.'

ಬೆರಳು ನಿಂತಿತು. ಅವನು ತಲೆಯೆತ್ತಿ ಅವಳನ್ನು ನೋಡಿ, ಮತ್ತೆ ಟೈಪ್ ಮಾಡಲು ತೊಡಗಿದ.

'ಆಮೇಲೆ'

ಮುಂದಿನ ಪದಕ್ಕಾಗಿ ಅವಳು ಬಾಯಿ ಮುಚ್ಚಿಕೊಂಡು ಕಾದಳು.